ಮರೆವಿಗೆ ಮ್ಯೂಸಿಯಂ ಮದ್ದಲ್ಲ, ಆಸರೆ

'ಅರವತ್ತಕ್ಕೆ ಅರಳು ಮರಳು' ಎಂದು ನಗೆಯಾಡಿ ಸುಮ್ಮನಾಗುವುದು ನಮ್ಮ ಜನರ ರೂಢಿ. ಆದರೆ ಎಲ್ಲ ಮರೆವೂ ಮುಪ್ಪಿನ ಚೇಷ್ಟೆಯಲ್ಲ. ಡಾಕ್ಟರುಗಳು ಡಿಮೆನ್ಷಿಯಾ ಅನ್ನೋದು ಮಿದುಳಿನ ಕಾಯಿಲೆಯಿಂದ ಬರುವಂಥದ್ದು. ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ, ಅಂದರೆ ನೂರಕ್ಕೆ ಏಳು ಜನಕ್ಕೆ ಇದಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಅವರ ಪಾಡು ಕೇಳೋರು ಯಾರು?

ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನಲ್ಲಿ ಕೇಳಿದವರು ಮ್ಯೂಸಿಯಂನವರು! ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳು 2012ರಲ್ಲಿ 'ಹೌಸ್ ಆಫ್ ಮೆಮೊರೀಸ್', ಅಂದರೆ ನೆನಪಿನ ಮನೆ ಎಂಬ ಯೋಜನೆ ಶುರು ಮಾಡಿದವು. ಮೊದಲು ತರಬೇತಿ ಕೊಟ್ಟಿದ್ದೇ ಆರೈಕೆ ಮಾಡುವವರಿಗೆ. ಹಳೇ ಕಾಲದ ಸಾಮಾನು, ಫೋಟೋ ತುಂಬಿದ ಸೂಟ್‌ಕೇಸುಗಳನ್ನು ಎರವಲು ಕೊಟ್ಟರು. ಮ್ಯೂಸಿಯಂಗೆ ಬರಲಾಗದವರ ಹತ್ತಿರ ಮ್ಯೂಸಿಯಮ್ಮೇ ಹೋಯಿತು.

ಹಳೇ ಸಾಮಾನಿನಿಂದ ಏನು ಲಾಭ ಅಂತೀರಾ? ಈ ಪೈಕಿ ಹೆಚ್ಚು ಕಾಣುವ ಅಲ್ಜೈಮರ್ಸ್ ಕಾಯಿಲೆಯಲ್ಲಿ ಹೊಸ ನೆನಪು ಕೂಡಿಡುವ ಮಿದುಳಿನ ಭಾಗ ಮೊದಲು ಸೊರಗುತ್ತದೆ. ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ. ಎಳೇ ವಯಸ್ಸಿನಲ್ಲಿ ದಿನಾ ಕೈಯಾಡಿಸಿದ್ದು ಬಹಳ ಕಾಲ ಉಳಿಯುತ್ತದೆ.

ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2006ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸಾರ್ವಜನಿಕರಿಗೆ ರಜೆಯಿದ್ದ ದಿನ ಇಂಥವರನ್ನು ಮನೆಯವರ ಸಮೇತ ಕರೆಸಿ, ಚಿತ್ರಗಳ ಮುಂದೆ ಕೂರಿಸಿ ಮಾತಾಡಿಸಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ವಿಚಾರಿಸಿದಾಗ ಇಬ್ಬರ ಮನಸ್ಸೂ ಹಗುರಾಗಿದ್ದು ತಿಳಿಯಿತು. ಕಾಯಿಲೆ ವಾಸಿಯಾಗಲಿಲ್ಲ, ನಿಜ. ಆದರೆ ಅಷ್ಟು ಹೊತ್ತು ಅವರು ರೋಗಿ, ದಾದಿ ಅಲ್ಲ. ಗಂಡ ಹೆಂಡತಿ, ತಾಯಿ ಮಗಳು.

ಇದಕ್ಕೆ ನ್ಯೂಯಾರ್ಕಿಗೇ ಹೋಗಬೇಕಿಲ್ಲ. ಅಟ್ಟದ ಮೇಲಿನ ಪಾವು, ಅಂಗಡಿಯ ಹಳೇ ತಕ್ಕಡಿ, 1957ರಲ್ಲಿ ನಯಾಪೈಸೆ ಬರೋಕೆ ಮುಂಚಿನ ಆಣೆ ಬಿಲ್ಲೆ, ಯಾವುದಾದರೂ ಸರಿ, ಹಿರಿಯರ ಕೈಗಿಡಿ. 'ಇದೇನು, ಜ್ಞಾಪಕ ಇದೆಯಾ?' ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ಉತ್ತರ ತೋಚದಿದ್ದರೆ ಅವರಿಗೆ ಅವಮಾನ. 'ಇದರಲ್ಲಿ ಹೇಗೆ ಅಳೀತಿದ್ರಿ, ತೋರಿಸಿ' ಅನ್ನಿ. ಮಾತು ಬಾರದಿದ್ದರೂ ಕೈ ಹೇಳಬಹುದು.

ನಮ್ಮ ಮ್ಯೂಸಿಯಂಗಳಿಗೆ ಹೋದರೆ 'ಮುಟ್ಟಬೇಡಿ' ಬೋರ್ಡೇ ಮೊದಲು ಕಣ್ಣಿಗೆ ಬೀಳೋದು. ಮುಟ್ಟಿದರೆ ಕೆಡದ ನಾಲ್ಕು ಸಾಮಾನು ಹೊರಗಿಟ್ಟು, ವಾರಕ್ಕೊಂದು ಗಂಟೆ ಆ ಬೋರ್ಡು ತಿರುಗಿಸಿಟ್ಟರೆ ಯಾರ ಗಂಟು ಹೋಗುತ್ತದೆ?