ಹೊಲಕ್ಕೆ ಉಟ್ಟು ಹೋದ ಸಿರಿ

ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸಂತೆಗಳಲ್ಲಿ ಲಂಬಾಣಿಗರ ಫೇಟಿಯಾ (ಲಂಗ), ಕಾಂಚಳಿ ತೊಟ್ಟವರು ಈಗ ಅಪರೂಪ. ಕಂಡರೂ ಬಹುಪಾಲು ವಯಸ್ಸಾದ ಯಾಡಿಯರೇ, ಅಂದರೆ ತಾಯಂದಿರೇ. ಅವರ ಮೈಮೇಲಿನ ಬಟ್ಟೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಅದರಲ್ಲೂ ಕಾಂಚಳಿಯನ್ನು. ಬೆನ್ನು ಬಿಟ್ಟು ಲಾಡಿಯಿಂದ ಬಿಗಿಯುವ ಈ ರವಿಕೆಯ ಎದುರುಭಾಗದಲ್ಲಿ ಬರಿ ಬಟ್ಟೆ ಹುಡುಕಿದರೂ ಸಿಗದು. ಕೆಂಪು, ನೀಲಿ, ಹಳದಿ ತುಂಡುಗಳ ಜೋಡಣೆ. ಅದರ ಮೇಲೆ ಕನ್ನಡಿ. ಅಂಚಿಗೆ ಕವಡೆ, ಮಣಿ, ಚಲಾವಣೆ ಮುಗಿದ ನಾಣ್ಯ. ಕನ್ನಡಿಗೆ ತೂತು ಕೊರೆಯುವುದಿಲ್ಲ, ಸುತ್ತ ಹೆಣೆದ ದಾರವೇ ಅದನ್ನು ಕಚ್ಚಿ ಹಿಡಿಯುತ್ತದೆ. ಗೆರೆ ಎಳೆದುಕೊಳ್ಳದೆ, ನೇಯ್ಗೆಯ ಎಳೆ ಎಣಿಸುತ್ತಲೇ ಸೂಜಿ ಮುಂದೆ ಸಾಗುತ್ತದೆ. ಹೊಲಿಗೆಗಳಲ್ಲಿ 14 ಬಗೆ: ಕಿಲನ್, ವೆಲೆ, ಮಾಕಿ, ಪೋಟೆ, ಜೋಲ್ಯಾ, ನಕ್ರಾ ಹೀಗೆ. ಕೂಲಿಯಿಂದ ಬಂದು, ಒಲೆ ಆರಿಸಿದ ಮೇಲೆ ಸಿಗುವ ಬಿಡುವಿನಲ್ಲಿ ಒಂದು ಜೊತೆ ಉಡುಪು ಮುಗಿಯಲು ತಿಂಗಳುಗಳೇ ಬೇಕು. ಇದನ್ನು ತೊಟ್ಟೇ ಅವರು ಕಳೆ ಕಿತ್ತರು, ನೀರು ಹೊತ್ತರು, ರಸ್ತೆಗೆ ಜಲ್ಲಿ ಹಾಕಿದರು.

ಪ್ಯಾರಿಸ್, ಮಿಲಾನ್‌ನ ದುಬಾರಿ ಫ್ಯಾಷನ್ ಸಂಸ್ಥೆಗಳು ಉಡುಪಿನ ಹಿರಿಮೆ ಹೇಳುವಾಗ ಎಷ್ಟು ತಾಸಿನ ಕೈಕೆಲಸ ಎಂಬ ಲೆಕ್ಕ ಕೊಡುತ್ತವೆ. ಆ ಲೆಕ್ಕ ಹಿಡಿದರೆ ಲಂಬಾಣಿ ತಾಂಡಾದ ಹೆಣ್ಣುಮಗಳಷ್ಟು ಐಷಾರಾಮಿ ಉಡುಪು ತೊಟ್ಟವರು ಈ ಸೀಮೆಯಲ್ಲಿ ಬೇರೆ ಇರಲಿಲ್ಲ. ಆಕೆ ಹೊಲಿದದ್ದು ಮಾರುವುದಕ್ಕಲ್ಲ, ತನಗಾಗಿ, ಮಗಳ ಮದುವೆಗಾಗಿ.

ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ದೇಶ ಸುತ್ತಿದ ಜನ ಲಂಬಾಣಿಗರು. ರೈಲು ಬಂದು ಆ ಕಸುಬು ಕಸಿಯಿತು. ಆಮೇಲೆ ಕೂಲಿ, ಗುಳೆ. ಇಂದಿಗೂ ಈ ತಾಲ್ಲೂಕುಗಳ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರಿದ್ದಾರೆ. ಹುಡುಗಿಯರು ಸೀರೆ, ಚೂಡಿದಾರಕ್ಕೆ ಹೊರಳಿದ್ದಾರೆ. ಅದನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ಆದರೆ ಸೂಜಿಯ ವಿದ್ಯೆಯೂ ಅದರೊಂದಿಗೆ ಹೋಗಿಬಿಡಬಾರದು.

ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿ ಆ ವಿದ್ಯೆಗೆ ಹೊಸ ದಾರಿ ಸಿಕ್ಕಿತು. 1980ರ ದಶಕದಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರ ಅದೇ ಹೊಲಿಗೆಗಳನ್ನು ಸೀರೆಯ ಅಂಚಿಗೆ, ಕುರ್ತಾಕ್ಕೆ, ಚೀಲಕ್ಕೆ, ದಿಂಬಿನ ಹೊದಿಕೆಗೆ ತಂದಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ–20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಬಂದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ದಾಖಲೆಗಿಂತ ದೊಡ್ಡದು ಹೆಸರು ಮತ್ತು ಕೂಲಿ. 2025ರ ಜೂನ್‌ನಲ್ಲಿ ಪ್ರಾಡಾ ಫ್ಯಾಷನ್ ಸಂಸ್ಥೆ ಮಿಲಾನ್‌ನಲ್ಲಿ ಕೊಲ್ಹಾಪುರಿ ಮಾದರಿಯ ಚಪ್ಪಲಿ ತೋರಿಸಿದಾಗ ಮೂಲದ ಪ್ರಸ್ತಾಪವೇ ಇರಲಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕುಶಲಿಗಳಿಗೂ ಸೇರಿದ ಚಪ್ಪಲಿ ಅದು. ಗಲಾಟೆ ಎದ್ದ ಮೇಲಷ್ಟೇ ಸಂಸ್ಥೆ ಋಣ ಒಪ್ಪಿಕೊಂಡಿತು. ಕಾಂಚಳಿಯ ಕಸೂತಿಯನ್ನು ಹೊಸ ವಿನ್ಯಾಸಕ್ಕೆ ಎತ್ತಿಕೊಳ್ಳುವವರು ಹೊಲಿದವರ ಹೆಸರನ್ನು ಮೊದಲೇ ಬರೆಯಲಿ, ತಾಸಿನ ಲೆಕ್ಕದಲ್ಲೇ ಕೂಲಿ ಕೊಡಲಿ.

ಹಂಪಿಗೆ ಬಂದವರು ಸಂಡೂರಿಗೂ ಒಮ್ಮೆ ಹೋಗಿಬನ್ನಿ. ಯಂತ್ರದಲ್ಲಿ ಅಂಟಿಸಿದ ಕನ್ನಡಿ ಕೆಲಸದ ಬೆಲೆ ತೋರಿಸಿ ಚೌಕಾಸಿ ಮಾಡಬೇಡಿ.