‘ಸರ್ವರ್ ಡೌನ್’ ಅಂದರೆ ದಾಖಲೆ ಅಳಿಸಿಹೋಯಿತು ಎಂದೇ?

ಪಹಣಿ ತೆಗೆಸಲು ಹಳ್ಳಿಯಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಬಂದವರು ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಮಾತು ಕೇಳಿ ವಾಪಸ್ ಹೋಗುವುದು ಹೊಸದೇನಲ್ಲ. ಒಂದು ದಿನದ ಕೂಲಿ ಹೋಗುತ್ತದೆ. ಅಂದೇ ಬೆಳೆ ವಿಮೆಗೆ ಕೊನೆಯ ದಿನವಾಗಿದ್ದರೆ ನಷ್ಟ ಇನ್ನೂ ದೊಡ್ಡದು. ಇಂಥ ಹೊತ್ತಿನಲ್ಲೇ ‘ಸರ್ವರ್ ಹಾಳಾಗಿ ಜಮೀನಿನ ದಾಖಲೆಗಳು ಅಳಿಸಿಹೋಗಿವೆ, ಕೂಡಲೇ ಈ ಲಿಂಕ್ ಒತ್ತಿ ಮತ್ತೆ ನೋಂದಾಯಿಸಿ’ ಎನ್ನುವಂಥ ಸಂದೇಶ ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅದನ್ನು ನಂಬಬಹುದೇ? ನೋಡೋಣ.

ಡೌನ್ ಆಗುವುದು ಬೇರೆ, ಅಳಿಸಿಹೋಗುವುದು ಬೇರೆ

ಕಪಾಟಿನ ಬೀಗ ಕೈಕೊಟ್ಟರೆ ಒಳಗಿನ ಕಾಗದ ಸುಟ್ಟುಹೋಯಿತು ಎಂದಲ್ಲ. ಸರ್ವರ್ ಕತೆಯೂ ಹಾಗೆಯೇ. ಕರೆಂಟ್ ಹೋದರೆ, ಕೇಬಲ್ ಕಡಿದರೆ, ಒಮ್ಮೆಲೇ ತುಂಬ ಜನ ಜಾಲತಾಣ ತೆರೆದರೆ ಸೇವೆ ನಿಲ್ಲುತ್ತದೆ. ದಾಖಲೆ ಮಾತ್ರ ಡಿಸ್ಕ್‌ನಲ್ಲಿ ಇದ್ದಲ್ಲೇ ಇರುತ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕೈಕೊಟ್ಟಾಗ, ನಕಲಿ ಕೋರಿಕೆಗಳನ್ನು ರಾಶಿಗಟ್ಟಲೆ ಕಳಿಸುವ ದಾಳಿಯೇ ಕಾರಣ ಎಂದು ಸರ್ಕಾರ ಹೇಳಿತ್ತು. ಇಂಥ ದಾಳಿ ಬಾಗಿಲಲ್ಲಿ ಜನಜಂಗುಳಿ ಮಾಡಿ ದಾರಿ ತಡೆಯುತ್ತದೆ, ಒಳಗಿನ ದಾಖಲೆ ಅಳಿಸುವುದಿಲ್ಲ.

ಹಾಗಾದರೆ ದಾಖಲೆ ಎಂದೂ ಹೋಗುವುದಿಲ್ಲವೇ?

ಹೋಗಬಹುದು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬೆಂಕಿ ಬಿತ್ತು. 600ಕ್ಕೂ ಹೆಚ್ಚು ಸೇವೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಕಾರಣ, ಅದರ ಪ್ರತಿ ಹೊರಗೆ ಬೇರೆಲ್ಲೂ ಇರಲಿಲ್ಲ.

ಪ್ರತಿಗಳು ಹಲವು ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬಸವಕಲ್ಯಾಣದ ನಂಟಿನದೇ ಉದಾಹರಣೆ ಇದೆ. ಶರಣರ ವಚನಗಳ ತಾಡೋಲೆ ಪ್ರತಿಗಳು ಬೇರೆ ಬೇರೆ ಊರುಗಳ ಮನೆ, ಮಠಗಳಲ್ಲಿ ಉಳಿದಿದ್ದವು. ಅವನ್ನು ಹುಡುಕಿ ಕೂಡಿಸಿದ್ದರಿಂದಲೇ ಫ.ಗು. ಹಳಕಟ್ಟಿ ಅವರು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು.

ಎರಡನೇ ಸರ್ವರ್‌ಗೆ ಏನೇನು ಬೇಕು?

ಒಂದು ಸಹಕಾರ ಸಂಘದ ಸರ್ವರ್ ಹುಮನಾಬಾದ್‌ನಲ್ಲಿದೆ, ಅದರ ಜೋಡಿ ಬಸವಕಲ್ಯಾಣದಲ್ಲಿದೆ ಎಂದುಕೊಳ್ಳಿ. ಇಲ್ಲಿ ಬರೆದದ್ದು ಕೂಡಲೇ ಅಲ್ಲಿಯೂ ನಕಲಾಗುವುದು ರೆಪ್ಲಿಕೇಷನ್. ಇದು ನಿಂತಾಗ ಅದು ಕೆಲಸ ಹೊರುವುದು ಫೇಲ್‌ಓವರ್. ಸಾಫ್ಟ್‌ವೇರ್ ಕೊಂಡರಷ್ಟೇ ಇದು ನಡೆಯದು. ಇಷ್ಟು ಬೇಕು:

• ಡಿಸ್ಕ್, ಮೆಮೊರಿ: ಜೋಡಿ ಸರ್ವರ್ ಪೂರ್ತಿ ಹೊರೆ ಹೊರುವಷ್ಟು ಗಟ್ಟಿಯಾಗಿರಬೇಕು. ಹಳೆಯ ಕಂಪ್ಯೂಟರ್ ತಂದಿಟ್ಟರೆ ನಕಲು ಉಳಿದೀತು, ಸೇವೆ ನಡೆಯದು.

• ಹೊಂದಾಣಿಕೆ: ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಆವೃತ್ತಿಗಳು ಎರಡೂ ಕಡೆ ಒಂದಕ್ಕೊಂದು ಹೊಂದಬೇಕು.

• ಲೈನ್: 10 ಗಂಟೆಯಲ್ಲಿ 18 ಜಿಬಿ ಮಾಹಿತಿ ಬದಲಾಗುತ್ತದೆ ಎಂದಾದರೆ ಸರಾಸರಿ 4 ಎಂಬಿಪಿಎಸ್ ಅಪ್‌ಲೋಡ್ ವೇಗ ಬೇಕು. ಜನ ಹೆಚ್ಚಾದ ಹೊತ್ತಿಗೆ ಅದರ ಎರಡು ಮೂರು ಪಟ್ಟು ಇದ್ದರೆ ಒಳ್ಳೆಯದು.

• ಮೂರನೇ ಸಾಕ್ಷಿ: ಎರಡೂ ಸರ್ವರ್‌ಗಳು ಕೆಲ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಹೇಳಿಕೊಳ್ಳುತ್ತವೆ. ನಡುವಿನ ಕೇಬಲ್ ಮಾತ್ರ ಕಡಿದರೆ ಎರಡೂ ತಾನೇ ಯಜಮಾನ ಎಂದುಕೊಂಡು ಬೇರೆ ಬೇರೆ ಲೆಕ್ಕ ಬರೆದಾವು. ಯಾರು ನಡೆಸಬೇಕೆಂದು ತೀರ್ಮಾನಿಸಲು ಮೂರನೇ ಕಂಪ್ಯೂಟರ್ ಬೇಕು.

• ದೂರ: ಎರಡೂ ಊರು ಬೀದರ್ ಜಿಲ್ಲೆಯವು. ದೊಡ್ಡ ವಿದ್ಯುತ್ ವೈಫಲ್ಯವಾದರೆ ಎರಡೂ ಒಟ್ಟಿಗೆ ನಿಲ್ಲಬಹುದು. ಹಾಗಾಗಿ ಇನ್ನೊಂದು ಪ್ರತಿ ದೂರದ ಊರಲ್ಲಿ ಇರಬೇಕು.

ಜೋಡಿ ಇದ್ದರೆ ಬ್ಯಾಕಪ್ ಬೇಡವೇ?

ಬೇಕೇ ಬೇಕು. ರೆಪ್ಲಿಕೇಷನ್ ತಪ್ಪನ್ನೂ ನಕಲು ಮಾಡುತ್ತದೆ. ಯಾರೋ ಕೈತಪ್ಪಿ ಒಂದು ಕಡತ ಅಳಿಸಿದರೆ ಮರುಕ್ಷಣವೇ ಜೋಡಿಯಲ್ಲೂ ಅದು ಮಾಯ. ನಿನ್ನೆಯದು, ಕಳೆದ ವಾರದ್ದು ಎಂದು ದಿನಾಂಕ ಹಾಕಿ, ನೆಟ್‌ವರ್ಕ್‌ನಿಂದ ಬೇರೆ ಮಾಡಿ ಇಟ್ಟ ಬ್ಯಾಕಪ್ ಮಾತ್ರ ಆಗ ಕೈಹಿಡಿಯುತ್ತದೆ. ಅದನ್ನೂ ಆಗಾಗ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ನಾವು ಹೇಳುವುದಿಷ್ಟು

‘ಸರ್ವರ್ ಡೌನ್’ ಎಂದ ಮಾತ್ರಕ್ಕೆ ನಿಮ್ಮ ಜಮೀನಿನ ದಾಖಲೆ ಅಳಿಸಿಹೋಗಿದೆ ಎಂದಲ್ಲ. ‘ಮತ್ತೆ ನೋಂದಾಯಿಸಿ’ ಎನ್ನುವ ಲಿಂಕ್ ಒತ್ತಬೇಡಿ, ಆಧಾರ್ ಸಂಖ್ಯೆ, ಒಟಿಪಿ ಕೊಡಬೇಡಿ. ಜಾಲತಾಣದ ವಿಳಾಸ ‘ಕರ್ನಾಟಕ ಡಾಟ್ ಗೌ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ, ಅನುಮಾನವಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪಹಣಿಯ ಒಂದು ಪ್ರತಿ ಮನೆಯಲ್ಲಿರಲಿ, ಅದರ ಫೋಟೊ ಮಗನ ಅಥವಾ ಮಗಳ ಫೋನಿನಲ್ಲೂ ಇರಲಿ. ಕೊನೆಯ ದಿನದವರೆಗೆ ಕಾಯದೆ ಮೊದಲೇ ತೆಗೆಸಿಟ್ಟುಕೊಂಡರೆ ಸರ್ವರ್ ನಿಂತರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.