ಚಳಿಗಾಲದ ಪ್ರಯಾಣಕ್ಕೆ ವಾಹನದ ಪೂರ್ವಸಿದ್ಧತೆ

ದೀಪಾವಳಿಯ ನಂತರದ ಮೂರು ತಿಂಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ವರ್ತಕರಿಗೆ ಬಿಡುವಿಲ್ಲದ ಕಾಲ. ತೊಗರಿ ಮಾರುಕಟ್ಟೆಗೆ ಬರುತ್ತದೆ, ಕಬ್ಬು ಕಾರ್ಖಾನೆಗೆ ಸಾಗುತ್ತದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಪೇಟೆಗೆ ನಸುಕಿನಲ್ಲೇ ಹೊರಡಬೇಕಾಗುತ್ತದೆ. ಇಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ವಾಹನಕ್ಕೆ ಚಳಿಗಾಲದ ತಪಾಸಣೆ ಅನಗತ್ಯವೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ.

ಬೆಳಿಗ್ಗೆ ಎಂಜಿನ್ ಚಾಲೂ ಆಗದಿದ್ದರೆ ಚಳಿಯನ್ನು ದೂಷಿಸುವುದು ವಾಡಿಕೆ. ವಾಸ್ತವವಾಗಿ ಬ್ಯಾಟರಿಯನ್ನು ಸವೆಸುವುದು 40 ಡಿಗ್ರಿ ಮುಟ್ಟುವ ಏಪ್ರಿಲ್-ಮೇ ತಿಂಗಳ ಬಿಸಿಲು. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾಗಿ, ಎಂಜಿನ್ ಆಯಿಲ್ ಮಂದವಾದಾಗ ಆ ಹಾನಿ ಬಯಲಿಗೆ ಬರುತ್ತದೆ, ಅಷ್ಟೆ. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಚಾರ್ಜ್ ಅರ್ಧದಷ್ಟೇ ಉಳಿದಿದೆ ಎಂದರ್ಥ. ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುವುದರಿಂದ, ಗಾಳಿಯನ್ನು ಟೈರು ತಣ್ಣಗಿರುವಾಗಲೇ ಪರೀಕ್ಷಿಸತಕ್ಕದ್ದು. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಸುರಿಯುವ ರೂಢಿಯನ್ನೂ ಬಿಡುವುದು ಒಳಿತು.

ಎಲ್ಲಕ್ಕಿಂತ ಮುಖ್ಯವಾದುದು ದೀಪ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕನು ಅಡ್ಡಿಯನ್ನು ಕಂಡು ಬ್ರೇಕ್ ತುಳಿಯುವ ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್ ಕಳೆದಿರುತ್ತದೆ. ನಿಲ್ಲಲು ಹೆಚ್ಚುಕಡಿಮೆ ಮತ್ತಷ್ಟೇ ದೂರ ಬೇಕು. ಡಿಮ್ ಬೆಳಕಿನಲ್ಲಿ ಚೆನ್ನಾಗಿ ಕಾಣುವುದಾದರೋ 40-50 ಮೀಟರ್ ಮಾತ್ರ. ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ನಿಂತಿದ್ದರೆ ಈ ಲೆಕ್ಕ ತಾಳೆಯಾಗುವುದಿಲ್ಲ. ಮಂಜು ಕವಿದ ನಸುಕಿನಲ್ಲಂತೂ ಹೇಳುವುದೇ ಬೇಡ. ಹಳದಿಗಟ್ಟಿದ ಹೆಡ್‌ಲೈಟ್ ಗಾಜನ್ನು ಉಜ್ಜಿಸಿ, ಸವೆದ ವೈಪರ್ ಬದಲಿಸಿ, ಕತ್ತಲಲ್ಲಿ 50 ಕಿ.ಮೀ. ಮೀರದಂತೆ ಚಾಲಕರಿಗೆ ತಾಕೀತು ಮಾಡಬೇಕು. ಸ್ವಂತ ಅಥವಾ ಬಾಡಿಗೆಯ ಟ್ರ್ಯಾಕ್ಟರ್ ಬಳಸುವ ಉದ್ಯಮಿಗಳು ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಹಚ್ಚಿಸದೆ ಅದನ್ನು ರಸ್ತೆಗಿಳಿಸುವುದು ನಿಯಮಬಾಹಿರ.

ಇನ್ನು ಖರ್ಚಿನ ವಿಚಾರ. ಟೈರು, ಬ್ಯಾಟರಿಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಸಲಾಗಿದೆ. ವ್ಯವಹಾರದ ಸರಕು ವಾಹನದ ದುರಸ್ತಿ ಹಾಗೂ ವಿಮೆಗೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುತ್ತದೆ. ಮಾಲೀಕರ ಓಡಾಟದ ಕಾರಿಗೆ ದೊರೆಯುವುದಿಲ್ಲ. ರಾಜಿ ತೆರಿಗೆ ಪದ್ಧತಿಯವರಿಗೆ ಎರಡಕ್ಕೂ ಇಲ್ಲ. ಆದ್ದರಿಂದ ಗ್ಯಾರೇಜಿನಲ್ಲಿ ಎರಡೂ ವಾಹನಗಳಿಗೆ ಒಂದೇ ಬಿಲ್ ಬರೆಸದೆ, ವಾಹನ ಸಂಖ್ಯೆ ಸಹಿತ ಪ್ರತ್ಯೇಕ ಬಿಲ್ ಪಡೆಯತಕ್ಕದ್ದು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ವೆಚ್ಚ ಮಾನ್ಯವಾಗದು.

ವಿಮಾ ಪತ್ರವನ್ನು ಈಗಲೇ ತೆರೆದು ಓದುವುದು ಅವಶ್ಯ. ಟ್ರೇಲರಿನ ನೋಂದಣಿ ಸಂಖ್ಯೆ ಅದರಲ್ಲಿ ನಮೂದಾಗಿದೆಯೇ ನೋಡಬೇಕು. ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರ್ ಬಾಡಿಗೆ ಸಾಗಣೆಯಲ್ಲಿದ್ದಾಗ ಅಪಘಾತವಾದರೆ ಕಂಪನಿಯವರು ತಕರಾರು ತೆಗೆಯುತ್ತಾರೆ; ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳಬಹುದು.